ಗುಟುರು ಹಿಡಿಯುವ ಕ್ಯಾಮೆರಾ

ಮಾರ್ಚ್ 9, ಮಂಗಳವಾರ

ಹೆನಾರೆಗೆ ಕ್ಯಾಮೆರಾ ಬೇಕಂತೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ನನ್ನ ಗಂಡ ಗುಡ್ಡಕ್ಕೆ ಹೊರಟರೆ ಒಂದು ಕೋವಿ, ಒಂದು ಚಾಕು, ಜೇಬಿನಲ್ಲಿ ಒಂದು ತುಂಡು ಕರಿದ ರೊಟ್ಟಿ, ಅಷ್ಟೆ. ಈಗ ಐವತ್ತೇಳರ ವಯಸ್ಸಿನಲ್ಲಿ ಬೇಟೆಯನ್ನು ವಿಡಿಯೋ ಮಾಡಬೇಕಂತೆ.

ತನಗಾಗಿ ಅಲ್ಲ, ಅಣ್ಣ ರಾಪಾಟನಿಗಾಗಿ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ರಾಪಾಟನ ಎಡಭಾಗ ಹೋಯಿತು. ಅವನ ಮಂಚದ ಪಕ್ಕದ ಕಿಟಕಿಯಿಂದ ಕಾಣುವುದು ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ತಗಡಿನ ಗೋಡೆ ಮಾತ್ರ. ತಮ್ಮನಿಗೆ ಗುಡ್ಡ ಕಲಿಸಿದವನೇ ಅವನು. ಭಾನುವಾರ ಪ್ರಾರ್ಥನೆ ಮುಗಿಸಿ ನೋಡಲು ಹೋದಾಗ ಸೊಟ್ಟ ಬಾಯಲ್ಲಿ ಒಂದೊಂದೇ ಮಾತು ಜೋಡಿಸಿ, "ಈ ಸಲ ಗುಟುರು ಕೇಳ್ದೇನೇ ಹೋಗ್ಬಿಡ್ತೀನೇನೋ" ಅಂದ. ಈ ತಿಂಗಳ ಕೊನೆಗೆ ಗಂಡುಜಿಂಕೆಗಳು ಹೆಣ್ಣಿಗಾಗಿ ಗುಟುರು ಹಾಕಲು ತೊಡಗುತ್ತವೆ. ನಮ್ಮ ಕಣಿವೆಯ ಗಂಡಸರಿಗೆ ವರ್ಷವೆಂದರೆ ಆ ಕೆಲವು ವಾರಗಳೇ.

"ನೀನೇ ಆರಿಸು ಮೆರೆ," ಅಂದ ಹೆನಾರೆ. "ಅಂಗಡಿಯವರ ಹತ್ರ ಮಾತಾಡೋದು ನಿಂಗೆ ಬರುತ್ತೆ."

"ನಾನು ಶಾಲೆ ಮಕ್ಕಳಿಗೆ ಅಡುಗೆ ಮಾಡೋಳು. ನನಗೇನು ಗೊತ್ತು ಕ್ಯಾಮೆರಾ?"

"ಹ್ಞೂ, ಶನಿವಾರವೇ ಹೋಗೋಣ," ಅಂದ. ನಾನು ಹೇಳಿದ್ದೇನು, ಅವನು ಹೇಳಿದ್ದೇನು. ಈಚೆಗೆ ಬರೀ ಹೀಗೇ. ಮೂರು ಸಲ ಕರೆದರೂ ಊಟಕ್ಕೆ ಬರುವುದಿಲ್ಲ, ಟೀವಿ ಮಾತ್ರ ಹೊಳೆಯಾಚೆಗೂ ಕೇಳಬೇಕು. ವಯಸ್ಸಾದ ಹಾಗೆ ಹಟ ಜಾಸ್ತಿಯಾಗಿದೆ.

ನನಗೂ ಆ ಗುಡ್ಡಕ್ಕೂ ಆಗಿಬರುವುದಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ಹತ್ತಿದ್ದು, ಕಾಲು ಉಳುಕಿ ಇಳಿದದ್ದು, ಅಲ್ಲಿಗೆ ಮುಗಿಯಿತು.

ದೇವರೇ, ರಾಪಾಟನಿಗೆ ಸಮಾಧಾನ ಕೊಡು, ಹೆನಾರೆಗೆ ಬುದ್ಧಿ ಕೊಡು, ನನಗೆ ತಾಳ್ಮೆ ಕೊಡು.

ಮಾರ್ಚ್ 13, ಶನಿವಾರ

ಗಿಸ್ಬೋರ್ನ್ ಪಟ್ಟಣಕ್ಕೆ ಹೋಗಿ ಬಂದೆವು. ಅಂಗಡಿಯ ಬ್ರೆಂಡಾ ಒಳ್ಳೆಯ ಹೆಂಗಸು, ಆದರೆ ಕ್ಯಾಮೆರಾ ಒಂದೊಂದು ಕೈಗೆತ್ತಿಕೊಂಡಾಗಲೂ ಒಂದು ಉಪದೇಶ. ಇದು ಹಣೆಗೆ ಕಟ್ಟಿಕೊಳ್ಳುವುದು, ಕೈ ಖಾಲಿ ಇರುತ್ತದೆ. ಇದು ದೂರದ್ದನ್ನು ಹತ್ತಿರ ತರುತ್ತದೆ, ಎದುರು ಗುಡ್ಡದ ಕುರಿಯ ಕಿವಿಯ ಗುರುತೂ ಕಾಣುತ್ತದೆ. ಇದು ಮಬ್ಬು ಬೆಳಕಿನಲ್ಲೂ ಹಿಡಿಯುತ್ತದೆ. ಇದು ಮಳೆಗೆ ಹೆದರುವುದಿಲ್ಲ.

"ನೀವು ಹೆಚ್ಚಾಗಿ ಕಾಡೊಳಗೆ ತೆಗೀತೀರೋ, ಬಯಲಲ್ಲೋ?" ಎಂದು ಹೆನಾರೆಯನ್ನು ಕೇಳಿದಳು.

"ಹೌದು ಹೌದು," ಅಂದ ಹೆನಾರೆ.

"ಯಾವುದು, ಕಾಡೋ ಬಯಲೋ?"

"ಚೆನ್ನಾಗಿದೆ," ಅಂದ.

ನನಗೆ ನಾಚಿಕೆಯಾಗಿ ನಾನೇ ಉತ್ತರ ಕೊಟ್ಟೆ. ಅವನು ಸುಮ್ಮನೆ ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ ಹಿಡಿದುಕೊಂಡು ಬೀದಿಯಾಚೆಯ ಸೀಗಲ್ ಹಕ್ಕಿಯನ್ನು ನೋಡುತ್ತ ನಿಂತಿದ್ದ, ಆಟಿಕೆ ಸಿಕ್ಕಿದ ಮಗುವಿನ ಹಾಗೆ. ಏನೂ ತರಲಿಲ್ಲ. ಪಿರಿಪಿಯ ಹತ್ತಿರ ಹಣೆಗೆ ಕಟ್ಟುವಂಥದ್ದು ಒಂದಿದೆ, ಮೊದಲು ಅದನ್ನು ಕೇಳಿ ಪಡೆದು ನೋಡೋಣ ಅಂದೆ. ಪಿರಿಪಿ ನಮ್ಮ ಪಕ್ಕದ ಹೊಲದವನು, ಹೆಂಡತಿ ತೀರಿಕೊಂಡವನು, ಚರ್ಚಿನ ಹಾಡಿನಲ್ಲಿ ನನ್ನ ಹಿಂದಿನ ಸಾಲಿನ ದಪ್ಪ ದನಿ.

ಮನೆಗೆ ಬಂದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ. ಯಾಕೆಂದು ತಿಳಿಯದು. ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದೆ.

ಮಾರ್ಚ್ 19, ಶುಕ್ರವಾರ

ಹೆನಾರೆ ನಾಳೆ ಹೋಗುತ್ತಾನೆ. ಎಲ್ಲಿಗೆ ಎಂದು ಕೇಳುವ ಹಾಗಿಲ್ಲ. ಹೊರಡುವ ಮುಂಚೆ ಬೇಟೆ ಅನ್ನಬಾರದು, ಜಿಂಕೆ ಅನ್ನಬಾರದು, ಯಾವ ಕಡೆಯ ಕಣಿವೆ ಎಂದು ಹೇಳಬಾರದು. ಗುಡ್ಡ ಕೇಳಿಸಿಕೊಳ್ಳುತ್ತದೆ, ಕೊಂಬಿನವನಿಗೆ ಹೋಗಿ ಹೇಳುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಯಾರಾದರೂ ಕೇಳಿದರೆ ಬೇಲಿ ಸರಿಮಾಡೋದಿದೆ, ಹಲ್ಲು ನೋವು, ಏನಾದರೊಂದು ಹೇಳಬೇಕು. ಬೈಬಲಿನಲ್ಲಿ ಇದು ಎಲ್ಲೂ ಇಲ್ಲ. ಆದರೂ ನಾನು ಈವರೆಗೆ ಒಂದು ಸಲವೂ ಕೇಳಿದವಳಲ್ಲ.

ಪಿರಿಪಿ ತನ್ನ ಕ್ಯಾಮೆರಾ ಕೊಡಲು ಬಂದಿದ್ದ. "ಏನ್ ಹೆನಾರೆ, ನಾಳೆ ಏನ್ ಕೆಲಸ?"

"ಚಿಮಣಿ ಒರೆಸೋದಿದೆ. ನಿಂದು?"

"ನಂಗೆ ಬೆನ್ನು ನೋವು ಮಾರಾಯ. ಮಲಗಿರ್ತೀನಿ."

ಇಬ್ಬರೂ ಮುಖ ಗಂಭೀರ ಮಾಡಿಕೊಂಡು ಚಹಾ ಕುಡಿದರು. ಒಲೆಯ ಪಕ್ಕದಲ್ಲಿ ಇಬ್ಬರ ಬೂಟುಗಳೂ ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಿದ್ದವು.

ದೇವರೇ, ಹೋದವನನ್ನು ಹೋದ ಹಾಗೆಯೇ ಮನೆಗೆ ತಾ.

ಮಾರ್ಚ್ 21, ಭಾನುವಾರ

ಪ್ರಾರ್ಥನೆಯ ನಂತರ ಎಲ್ಲರೂ ರಾಪಾಟನ ಮನೆಯಲ್ಲಿ ಸೇರಿ ಟೀವಿಗೆ ಜೋಡಿಸಿ ನೋಡಿದೆವು. ಹಣೆಯ ಮೇಲಿನ ಕ್ಯಾಮೆರಾ ಹಣೆ ಹೋದ ಕಡೆಗೆಲ್ಲ ಹೋಗುತ್ತದೆ. ಆಕಾಶ, ಬೂಟು, ಆಕಾಶ, ಜರೀಗಿಡ, ಮತ್ತೆ ಬೂಟು. ರಾಪಾಟನ ಹೆಂಡತಿ ಮಾಕೆರೆ ಬಾಯಿಗೆ ಒರಸುಬಟ್ಟೆ ಹಿಡಿದು ಎದ್ದು ಹೋದಳು.

"ದೋಣಿಯಲ್ಲಿ ಹೋಗಿದ್ನಾ ಇವ್ನು?" ಎಂದು ಒಳಗಿನಿಂದಲೇ ಕೂಗಿದಳು.

ರಾಪಾಟ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೇಳಲಿಕ್ಕೆ ಇದ್ದದ್ದು ಬಟ್ಟೆಯ ಸರಸರ ಒಂದೇ. "ಗುಟುರು ಎಲ್ಲೋ?" ಅಂದ ತಮ್ಮನಿಗೆ.

"ಹಾಕ್ತಾನೇ ಇತ್ತಲ್ಲ, ಆ ಬಂಡೆ ಹತ್ರ," ಅಂದ ಹೆನಾರೆ. ಯಾವ ಬಂಡೆ, ಯಾವ ಗುಟುರು. ಒಂದೂ ಇರಲಿಲ್ಲ.

ಬೇರೆಯದೇ ಕ್ಯಾಮೆರಾ ಬೇಕು. ರಾಪಾಟನ ಮುಖ ನೋಡಿದರೆ ಗೊತ್ತಾಗುತ್ತದೆ, ಅವನಿಗೆ ಬೇಕಿರುವುದು ಕಣ್ಣಿಗೆ ಕಾಣುವಂಥದ್ದಲ್ಲ.

ಮಾರ್ಚ್ 24, ಬುಧವಾರ

ಮಾಕೆರೆ ರಾಪಾಟನ ಔಷಧಿಗೆ ಪಟ್ಟಣಕ್ಕೆ ಹೊರಟಳು, ನಾನೂ ಜೊತೆಗೆ ಹೋದೆ. ನೇರ ಬ್ರೆಂಡಾಳ ಅಂಗಡಿ. "ನನಗೆ ಚೆನ್ನಾಗಿ ಕೇಳೋ ಕ್ಯಾಮೆರಾ ಬೇಕು," ಅಂದೆ.

ಅವಳು ನಕ್ಕಳು. "ಎಲ್ಲರೂ ಕಾಣೋದನ್ನ ಕೇಳ್ತಾರೆ, ನೀವೊಬ್ರು ಕೇಳೋದನ್ನ ಕೇಳ್ತೀರಿ." ಒಳಗಿನಿಂದ ಒಂದನ್ನು ತಂದಳು. ನೆತ್ತಿಯ ಮೇಲೆ ಕಂಬಳಿಹುಳದ ಹಾಗೆ ರೋಮದ ಟೋಪಿ ಹಾಕಿಕೊಂಡ ಒಂದು ಮೈಕಿನ ಕಡ್ಡಿ, ಗಾಳಿಯ ಸದ್ದು ಬರದಿರಲೆಂದು. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್. ಹಾಕಿಕೊಂಡು ಬಾಗಿಲ ಬಳಿ ನಿಂತೆ.

ಬೀದಿಯಾಚೆ ಒಬ್ಬ ಹೆಂಗಸು ಕೈಚೀಲದಲ್ಲಿ ಬೀಗದ ಕೈ ಹುಡುಕುವುದು ಕೇಳಿಸಿತು. ಯಾರದೋ ಬೂಟಿನಡಿಯ ಮರಳು. ಎಲ್ಲೋ ಮಾಡಿನ ಮೇಲೆ ಹಕ್ಕಿ ಉಗುರು ಕೆರೆದದ್ದು. ಐವತ್ತು ವರ್ಷ ಈ ಲೋಕದಲ್ಲಿದ್ದೇನೆ, ಇಷ್ಟೆಲ್ಲ ಇದೆಯೆಂದು ಗೊತ್ತೇ ಇರಲಿಲ್ಲ. ಮಾಕೆರೆ ಭುಜ ಅಲುಗಿಸುವವರೆಗೂ ಹಾಗೇ ನಿಂತಿದ್ದೆನಂತೆ.

"ನಿಂಗೋ, ನಿನ್ನ ಗಂಡಂಗೋ ಇದು?" ಎಂದು ರೇಗಿಸಿದಳು.

ದೂರದ್ದನ್ನು ಇದು ಅಷ್ಟೇನೂ ಹತ್ತಿರ ತರುವುದಿಲ್ಲ. ಹೆನಾರೆ ಮುಖ ಊದಿಸಿಕೊಳ್ಳುತ್ತಾನೆ. ಊದಿಸಿಕೊಳ್ಳಲಿ. ಈಸ್ಟರ್ ಕಳೆದ ಮೇಲೆ ಬೇಡವೆನಿಸಿದರೆ ವಾಪಸು ತನ್ನಿ ಅಂದಿದ್ದಾಳೆ ಬ್ರೆಂಡಾ.

ಮಾರ್ಚ್ 28, ಗರಿಗಳ ಭಾನುವಾರ

ನಿನ್ನೆ ಹೆನಾರೆ ಅದನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದನಂತೆ. ಇವತ್ತು ರಾಪಾಟನ ಮನೆಯಲ್ಲಿ ನೋಡಿದೆವು.

ಮೊದಲು ಮಂಜು. ಆಮೇಲೆ ತೂಯಿ ಹಕ್ಕಿ. ಆಮೇಲೆ ಹೆನಾರೆ ಹಸುವಿನ ಕೊಂಬು ಬಾಯಿಗಿಟ್ಟು ಗಂಡುಜಿಂಕೆಯ ಹಾಗೆ ಗುಟುರು ಹಾಕಿದ. ಹಾಗೆ ಕರೆದರೆ, ತನ್ನ ಜಾಗಕ್ಕೆ ಬೇರೊಬ್ಬ ಗಂಡು ಬಂದಿದೆಯೆಂದು ನಿಜವಾದದ್ದು ಜಗಳಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಣಿವೆಯ ಆಚೆಯಿಂದ ಉತ್ತರ ಬಂತು. ಮತ್ತೊಂದು. ಇನ್ನೂ ಹತ್ತಿರ. ಎದೆಯೊಳಗೆ ಯಾರೋ ಮೇಜು ಎಳೆದ ಹಾಗೆ.

ರಾಪಾಟನ ಕಣ್ಣಿಂದ ನೀರು ಇಳಿಯಿತು, ನೆಟ್ಟಗಿದ್ದ ಅರ್ಧ ಬಾಯಿ ನಕ್ಕಿತು. "ದೊಡ್ಡವನೇ," ಅಂದ. "ಯಾಕೋ ಬಿಟ್ಟೆ?"

"ಜರೀಗಿಡ ಅಲ್ಲಾಡ್ತು, ಮೈ ಕಾಣ್ಲಿಲ್ಲ," ಅಂದ ಹೆನಾರೆ. "ಶನಿವಾರ ಬಿಡಲ್ಲ. ಈಸ್ಟರ್ ಊಟಕ್ಕೆ ಅವನೇ."

ಎಲ್ಲರಿಗೂ ಸಂತೋಷ. ನನಗೂ. ಆದರೂ ಆ ಉತ್ತರದ ಗುಟುರಿನಲ್ಲಿ ಏನೋ ಇದೆ. ಗೊತ್ತಿರುವವರು ಬೇರೆ ಬಟ್ಟೆ ಹಾಕಿಕೊಂಡು ಎದುರು ಹೋದ ಹಾಗೆ. ಪಾತ್ರೆ ತೊಳೆಯುವಾಗಲೂ ಅದೇ, ಮಲಗಲು ಹೋದಾಗಲೂ ಅದೇ.

ಮಾರ್ಚ್ 30, ಮಂಗಳವಾರ

ಹೆನಾರೆ ಬೇಲಿ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಇಯರ್‌ಫೋನ್ ಹಾಕಿ ಮತ್ತೆ ಕೇಳಿದೆ. ಮತ್ತೆ, ಮತ್ತೆ.

ಗುಟುರು ಮುಗಿಯುವ ಕಡೆ, ದನಿ ನಿಂತ ಮೇಲೆ, ಒಂದು ಸಣ್ಣ ಸದ್ದಿದೆ. ಕೊಳವೆಯೊಳಗೆ ಇಳಿದ ಎಂಜಲನ್ನು ಒಳಗೆ ಎಳೆದುಕೊಂಡ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡದ್ದು, ಎರಡು ಸಲ, ಎರಡನೆಯದು ಮೊದಲಿನದಕ್ಕಿಂತ ಸಣ್ಣದು. ಆ ಗಂಟಲನ್ನು ನಾನು ಪ್ರತಿ ಭಾನುವಾರ ನನ್ನ ಕತ್ತಿನ ಹಿಂದೆ ಕೇಳುತ್ತೇನೆ. ಪ್ರತಿ ಹಾಡಿನ ಕೊನೆಯ ಆಮೆನ್‌ಗೆ ಮೊದಲು.

ಅದು ಪಿರಿಪಿ. ಹಳೆಯ ಧೂಳು ಎಳೆಯುವ ಯಂತ್ರದ ಕೊಳವೆ ಕತ್ತರಿಸಿಕೊಂಡು ಗುಟುರು ಹಾಕುತ್ತಾನೆಂದು ಕಣಿವೆಗೆಲ್ಲ ಗೊತ್ತು.

ಇನ್ನೊಂದೂ ಕೇಳಿಸಿತು, ಟೀವಿಯಲ್ಲಿ ಯಾರಿಗೂ ಕೇಳದ್ದು. ಹೆನಾರೆಯ ಪಿಸುಮಾತು, "ಬಂದ, ಬಂದ." ಅದರ ಹಿಂದೆಯೇ ಕೋವಿಯ ಬೋಲ್ಟ್ ಮುಂದಕ್ಕೆ ತಳ್ಳಿದ ಕಬ್ಬಿಣದ ಸಪ್ಪಳ. ಗುಂಡು ಒಳಗೆ ಹೋಯಿತು.

ಎದ್ದು ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಮಧ್ಯಾಹ್ನ ಹೆನಾರೆ ಬಂದು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾಗ ಅವನ ಬೆನ್ನ ಹಿಂದೆ ನಿಂತು ಮಾಮೂಲಿನ ದನಿಯಲ್ಲಿ ಕರೆದೆ. ಹೆಸರು ಹಿಡಿದು ಕರೆದೆ. ಆಮೇಲೆ, ದೇವರು ಕ್ಷಮಿಸಲಿ, ಕತ್ತೆ ಅಂತಲೂ ಕರೆದೆ. ಅವನು ಟವೆಲ್‌ಗೆ ತಿರುಗಿದವನು ನನ್ನನ್ನು ಕಂಡು ಬೆಚ್ಚಿದ. "ಯಾವಾಗ ಬಂದೆ?" ಅಂದ.

ಹಟವಲ್ಲ. ಅವನಿಗೆ ಕೇಳುವುದಿಲ್ಲ. ಎಷ್ಟು ವರ್ಷದ ಕೋವಿಯ ಸದ್ದು, ಎಷ್ಟು ವರ್ಷದ ಗರಗಸದ ಸದ್ದು. ನಾನು ಅವನನ್ನು ಬೈಯುತ್ತಲೇ ಇದ್ದೆ.

ಮಾರ್ಚ್ 31, ಬುಧವಾರ

ಹೇಳಿದೆ. ಎದುರು ಕೂರಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು.

"ಅದು ಜಿಂಕೆ ಅಲ್ಲ ಹೆನಾರೆ. ಪಿರಿಪಿ."

"ಪಿರಿಪಿ ಅವತ್ತು ಮನೇಲಿದ್ದ. ಮತ್ತೆ ಬೆನ್ನು ನೋವು ಅಂದಿದ್ದ."

"ನೀನೂ ಮತ್ತೆ ಚಿಮಣಿ ಒರೆಸ್ತೀನಿ ಅಂದಿದ್ದೆ."

"ನನಗೆ ಜಿಂಕೆ ಯಾವ್ದು ಮನುಷ್ಯ ಯಾವ್ದು ಗೊತ್ತಾಗಲ್ವಾ? ನೀನು ಒಂದು ವಾರ ಕ್ಯಾಮೆರಾ ಹಿಡ್ಕೊಂಡು ನನಗೆ ಗುಡ್ಡ ಕಲಿಸ್ತೀಯಾ?"

"ಕಿವಿ ಡಾಕ್ಟ್ರ ಹತ್ರ ಹೋಗಿ ಬಾ ಅಂತೀನಿ, ಅಷ್ಟೆ."

ಕೆಂಪಗಾದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಕಿವುಡ ಅಂತ ಊರಿಗೆಲ್ಲ ಸಾರು. ಕೋವಿ ಕಿತ್ಕೊಂಡು ಕೋಳಿ ಕಾಯೋಕೆ ಕೂರಿಸು. ರಾಪಾಟನ ಪಕ್ಕ ನನಗೂ ಒಂದು ಮಂಚ ಹಾಕು."

ಅದೇ ಅವನ ಭಯ. ಈ ಕಣಿವೆಯಲ್ಲಿ ಮದುವೆಯಾಗಲಿ ಸಾವಾಗಲಿ ನೂರು ಜನಕ್ಕೆ ಮಾಂಸ ತರುವವನು ಹೆನಾರೆ. ಅವನಿಗೆ ಬೇರೆ ಹೆಸರಿಲ್ಲ. ಆ ಹೆಸರು ಕಿತ್ತುಕೊಳ್ಳುವುದೋ, ಇಲ್ಲಾ ಪಿರಿಪಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿಸುವುದೋ. ಬೇರೆ ದಾರಿ ಕಾಣುತ್ತಿಲ್ಲ.

ಏಪ್ರಿಲ್ 1, ಗುರುವಾರ

ಚರ್ಚಿಗೆ ಹೂ ಜೋಡಿಸುವ ನೆಪದಲ್ಲಿ ಪಿರಿಪಿಯ ಹೊಲ ದಾಟಿ ಹೋದೆ. ಗೆಣಸಿನ ಸಾಲಿನಲ್ಲಿ ಬಗ್ಗಿದ್ದ.

"ಹೋದ ಶನಿವಾರ ಗುಡ್ಡದಲ್ಲಿದ್ಯಾ ತಮ್ಮಾ?"

ಮುಗಿದ ಬೇಟೆಯ ಮಾತಾಡಲು ಅಡ್ಡಿಯಿಲ್ಲ. ಅವನ ಮುಖ ಅರಳಿತು. "ಅಕ್ಕಾ, ಏನ್ ಹೇಳ್ಲಿ. ಅಂಥ ಗಂಡು ನಾನು ಕಂಡೇ ಇಲ್ಲ. ಒಂದು ಗಂಟೆ ನನಗೆ ಉತ್ತರ ಕೊಡ್ತು. ಆ ಕಡೆ ದಿಣ್ಣೆ ಮೇಲೆ ನಿಂತಿತ್ತು. ನಾನು ಹೊಟ್ಟೆ ಮೇಲೆ ತೆವಳ್ಕೊಂಡು ಹೋದೆ. ಇನ್ನೊಂದು ಹತ್ತು ಮಾರು ಹೋಗಿದ್ರೆ ಹೊಡೀತಿದ್ದೆ."

ನನ್ನ ಕೈಯ ಹೂ ಕೆಳಗೆ ಬಿದ್ದವು. ಬಾಯಿ ತುದಿಗೆ ಬಂದಿತ್ತು, ಆ ಗಂಡು ನನ್ನ ಗಂಡ ಕಣೋ ಎಂದು. ಹೇಳಿದರೆ ಸಂಜೆಯೊಳಗೆ ಕಣಿವೆಗೆಲ್ಲ ಗೊತ್ತಾಗುತ್ತದೆ, ಹೆನಾರೆ ಗುಟುರು ಗುರುತಿಸಲಾರ ಎಂದು. ನುಂಗಿಕೊಂಡೆ. ಬದಲಿಗೆ ಹಿಂದೆಂದೂ ಕೇಳದಿದ್ದನ್ನು ಕೇಳಿದೆ.

"ಈ ಶನಿವಾರ ಎಲ್ಲಿಗೆ ಹೋಗ್ತೀಯ?"

ಪಿರಿಪಿ ಆಕಾಶ ನೋಡಿದ, ಗುಡ್ಡ ನೋಡಿದ, ಕೊನೆಗೆ ನನ್ನನ್ನು. ನಾನು ಚರ್ಚಿನಲ್ಲಿ ಬಟ್ಟೆ ಬಿಚ್ಚಿ ನಿಂತಿದ್ದರೂ ಅಷ್ಟು ಬೇಸರಪಡುತ್ತಿರಲಿಲ್ಲ. "ಎಲ್ಲಿಗೂ ಇಲ್ಲಕ್ಕ. ಗೆಣಸು ಅಗಿಯೋದಿದೆ," ಅಂದ.

ಸಾಲುಗಳಲ್ಲಿ ಗೆಣಸು ಇನ್ನೂ ಬಹಳ ಇತ್ತು. ನಿಜವಿರಬಹುದು. ನಿಜವೆಂದೇ ಇಟ್ಟುಕೊಳ್ಳುತ್ತೇನೆ.

ಏಪ್ರಿಲ್ 2, ಶುಭ ಶುಕ್ರವಾರ

ಉಪವಾಸ. ಶಿಲುಬೆಯ ಪ್ರಾರ್ಥನೆಯಲ್ಲಿ ಮೊಣಕಾಲೂರಿದ್ದಾಗಲೂ ಹೊರಗೆ ಗಾಳಿ ಯಾವ ಕಡೆಯಿಂದ ಎಂದು ಕೇಳಿಸಿಕೊಳ್ಳುತ್ತಿದ್ದೆ. ದಕ್ಷಿಣದ್ದು. ಹಾಗಾದರೆ ಜಿಂಕೆಗೆ ವಾಸನೆ ಸಿಗದಿರಲು ಹೆನಾರೆ ದಿಣ್ಣೆಯ ಮೇಲೆಯೇ ಹೋಗುತ್ತಾನೆ.

ಮನೆಗೆ ಬಂದು ಹೆನಾರೆಗೆ ಹೇಳಿದೆ, "ನಾಳೆ ನಾನೂ ಬರ್ತೀನಿ. ಕ್ಯಾಮೆರಾ ನಾನು ಹಿಡೀತೀನಿ."

"ಎಲ್ಲಿಗೆ? ನಾನು ಚಿಮಣಿ..."

"ಆ ಚಿಮಣಿಗೇ," ಅಂದೆ.

ಏಪ್ರಿಲ್ 3, ಶನಿವಾರ

ಮನೆಗೆ ಬಂದ ತಕ್ಷಣ ಬರೆಯಲು ಕೂತಿದ್ದೇನೆ.

ಕತ್ತಲಲ್ಲೇ ಕುದುರೆಗಳ ಮೇಲೆ ಹೊರಟೆವು. ಕಾಡಿನ ಅಂಚಿನಲ್ಲಿ ಹೆನಾರೆ ಟೋಪಿ ತೆಗೆದು ಪ್ರಾರ್ಥನೆ ಹೇಳಿದ, ನಾನು ಆಮೆನ್ ಅಂದೆ. ಕುದುರೆಗಳನ್ನು ಅಲ್ಲೇ ಕಟ್ಟಿ ದಿಣ್ಣೆ ಹತ್ತಿದೆವು. ಕಾಲು ಉಳುಕಲಿಲ್ಲ. ಬೆಳಕು ಹರಿಯುವಾಗ ಒಂದು ಬಿದ್ದ ಮರದ ಹಿಂದೆ ಕೂತೆವು. ನಾನು ಕ್ಯಾಮೆರಾ ನಿಲ್ಲಿಸಿ, ಗುಂಡಿ ಒತ್ತಿ, ಇಯರ್‌ಫೋನ್ ಹಾಕಿಕೊಂಡೆ. ಎಲೆಯಿಂದ ಎಲೆಗೆ ಹನಿ ಬೀಳುವುದು, ಒದ್ದೆ ಪಾಚಿಯೊಳಗೆ ಹುಳು, ದೂರದಲ್ಲಿ ತೊರೆ. ಹೆನಾರೆ ಕೊಂಬು ಬಾಯಿಗಿಟ್ಟು ಗುಟುರು ಹಾಕಿದ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನ ಕಣಿವೆಯಿಂದ ಉತ್ತರ.

ನಾನು ಗುಟುರಿನ ಕೊನೆಗಾಗಿ ಕಾದೆ. ಕೊನೆ ತೊರೆಯ ಸದ್ದಿನಲ್ಲಿ ಕೊಚ್ಚಿಹೋಯಿತು. ಹೆನಾರೆ ಮತ್ತೆ ಕರೆದ. ಉತ್ತರ ಹತ್ತಿರವಾಗಿತ್ತು. ಪಿರಿಪಿ ಗೆಣಸು ಅಗಿಯುತ್ತಿದ್ದಾನೆ, ಇದು ಜಿಂಕೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಜಿಂಕೆಯೇ ಆಗಿರಲಿ, ಬರಲಿ, ನೋಡಬೇಕು ಎಂದು ನನಗೂ ಅನಿಸಿತ್ತು.

ಎದುರಿನ ಜರೀಗಿಡಗಳ ನಡುವೆ ಕಂದು ಬಣ್ಣ ಸರಿಯಿತು. ಹೆನಾರೆ ಕೋವಿ ಎತ್ತಿ ಕೆನ್ನೆಗೆ ಒತ್ತಿಕೊಂಡ. ಬೋಲ್ಟ್ ಮುಂದೆ ಹೋಯಿತು. ಇನ್ನೊಂದು ಗುಟುರು ಬಂತು, ತೀರಾ ಹತ್ತಿರ. ದನಿ ನಿಂತಿತು. ಆಮೇಲೆ ನನ್ನ ಎರಡೂ ಕಿವಿಯೊಳಗೆ, ಎಂಜಲು ಎಳೆದುಕೊಂಡ ಸದ್ದು.

"ಅದು ಮನುಷ್ಯ," ಅಂದೆ ಹೆನಾರೆಯ ಕಿವಿಯ ಹತ್ತಿರ. ಅವನು ಅಲ್ಲಾಡಲಿಲ್ಲ.

"ಹೆನಾರೆ, ಅದು ಮನುಷ್ಯ."

ಅವನ ಬೆರಳು ಟ್ರಿಗರಿನ ಬಳೆಯೊಳಗೆ ಹೋಯಿತು. ಕೋವಿಯ ಮೇಲಿನ ದುರ್ಬೀನಿನ ಗಾಜಿಗೆ ನನ್ನ ಅಂಗೈ ಮುಚ್ಚಿ ಹಿಡಿದು ನಳಿಕೆಯನ್ನು ಆಕಾಶಕ್ಕೆ ತಳ್ಳಿದೆ. ಅವನು ತಿರುಗಿ ನೋಡಿದ ನೋಟವನ್ನು ಬರೆಯಲಾರೆ. ನಾನು ಎದ್ದು ನಿಂತು, ಚರ್ಚಿನ ಹಿಂದಿನ ಬೆಂಚಿಗೂ ಮುಟ್ಟುವ ದನಿಯಲ್ಲಿ, "ಪಿರಿಪೀ, ಕೋವಿ ಕೆಳಗಿಡು," ಅಂದೆ.

ಜರೀಗಿಡಗಳು ಅಲ್ಲಾಡಿದವು. ಆಮೇಲೆ ಕಂದು ಉಣ್ಣೆ ಕೋಟಿನ ಪಿರಿಪಿ ಎದ್ದು ನಿಂತ. ಒಂದು ಕಂಕುಳಲ್ಲಿ ಕೊಳವೆ. ಅವನ ಕೋವಿಯ ಬಾಯಿ ನಮ್ಮ ಕಡೆಗೇ ಇತ್ತು, ನಿಧಾನವಾಗಿ ಕೆಳಗಿಳಿಯಿತು.

"ಅಕ್ಕಾ?" ಅಂದ. "ನೀನಿಲ್ಲೇನ್ ಮಾಡ್ತಿದ್ದೀಯ?"

"ಗೆಣಸು ಅಗೀತೀನಿ ಅಂದಿದ್ಯಲ್ಲೋ."

"ಹಾಗೇ ತಾನೇ ಹೇಳ್ಬೇಕು," ಅಂದ. ತುಟಿ ಬೆಳ್ಳಗಾಗಿತ್ತು. "ಕಿತ್ತಳೆ ಅಂಗಿ ಎಲ್ಲಿ?" ಎಂದು ಕೇಳಿದೆ, ಜಿಂಕೆಯಲ್ಲ ಮನುಷ್ಯ ಎಂದು ದೂರಕ್ಕೆ ಕಾಣಲೆಂದು ಬೇಟೆಗಾರರು ಹಾಕುವುದು. "ಚೀಲದಲ್ಲಿದೆ. ತೆವಳೋವಾಗ ಸದ್ದು ಮಾಡುತ್ತೆ," ಅಂದ.

ಹೆನಾರೆ ಬಿದ್ದ ಮರದ ಮೇಲೆ ಕೂತುಬಿಟ್ಟಿದ್ದ. ಗುಂಡನ್ನು ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಮೂವರೂ ಒಟ್ಟಿಗೆ ಇಳಿದೆವು.

ಏಪ್ರಿಲ್ 4, ಈಸ್ಟರ್

ಕ್ರಿಸ್ತನು ಎದ್ದಿದ್ದಾನೆ. ಊಟಕ್ಕೆ ಕುರಿ.

ಪಿರಿಪಿ ನನ್ನ ಹಿಂದಿನ ಸಾಲಿನಲ್ಲಿ ಹಾಡಿದ. ಕೊನೆಯ ಆಮೆನ್‌ಗೆ ಮೊದಲು ಗಂಟಲು ಸರಿಮಾಡಿಕೊಂಡ, ಎರಡು ಸಲ. ನಾನು ಪುಸ್ತಕ ಮುಖಕ್ಕೆ ಹಿಡಿದುಕೊಂಡೆ.

ಏಪ್ರಿಲ್ 5, ಸೋಮವಾರ

ಹೆನಾರೆ ಎರಡು ದಿನದಿಂದ ಉಪ್ಪು ಕೊಡು ಅಂದದ್ದು ಬಿಟ್ಟರೆ ಮಾತಿಲ್ಲ. ನನ್ನ ಮೇಲೆ ಕೋಪ ಎಂದುಕೊಂಡಿದ್ದೆ. ಪಿರಿಪಿ ದಿಣ್ಣೆಗೆ ಬರಬಾರದಿತ್ತು, ಅಂಗಿ ಹಾಕಬೇಕಿತ್ತು, ನಾನು ಮುಂಚೆಯೇ ಗಟ್ಟಿಯಾಗಿ ಹೇಳಬೇಕಿತ್ತು, ಹೀಗೇ ಏನೋ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡೆ. ಮಧ್ಯಾಹ್ನ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ, ನಾಳೆ ಬ್ರೆಂಡಾಗೆ ಹಿಂದಿರುಗಿಸೋಣ ಎಂದು. ನನಗೆ ಅದು ಮನೆಯಲ್ಲಿರುವುದೇ ಬೇಡವಾಗಿತ್ತು. ಹೆನಾರೆ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಅದ್ರಲ್ಲಿದೆಯಾ? ಮೊನ್ನೇದು?"

ತಲೆಯಾಡಿಸಿದೆ. ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತಲ್ಲ, ಎಲ್ಲ ಇದೆ.

ಇಯರ್‌ಫೋನ್ ಹಾಕಿಕೊಂಡು ಕೂತ. ನಾನು ಹಿಟ್ಟು ನಾದುತ್ತ ಅವನ ಮುಖ ನೋಡುತ್ತಿದ್ದೆ. ಮೊದಲು ಅವನ ಹುಬ್ಬು ಮೇಲೆ ಹೋಯಿತು. ಕ್ಯಾಮೆರಾ ನಿಲ್ಲಿಸಿ, "ಇದೇನು ಟಪ್ ಟಪ್?" ಅಂದ.

"ಎಲೆ ಮೇಲಿಂದ ಹನಿ."

"ಅಲ್ಲಿ ಹನಿ ಬೀಳ್ತಿತ್ತಾ?"

ಮತ್ತೆ ಹಾಕಿದ. ಹಿಟ್ಟು ಕೈಗೆ ಅಂಟಿಕೊಂಡು ಒಣಗುತ್ತಿತ್ತು, ಬಿಡಿಸಿಕೊಳ್ಳಲು ನೆನಪಾಗಲಿಲ್ಲ. ಅವನು ಮುಂದಕ್ಕೆ ಬಗ್ಗಿದ. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಇನ್ನೊಂದು ಸಲ. ಆಮೇಲೆ ಇಯರ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಎರಡು ಸಲ ಹೇಳಿದ್ದೀಯ," ಅಂದ.

"ಹ್ಞೂ."

"ಪಕ್ಕದಲ್ಲೇ ಕೂತು."

"ಹ್ಞೂ."

"ನನಗೆ ಒಂದೂ ಕೇಳ್ಲಿಲ್ಲ ಮೆರೆ."

ಕೈ ತೊಳೆಯದೆಯೇ ಅವನ ಹಿಂದೆ ಹೋಗಿ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಕೂದಲಿಗೆಲ್ಲ ಹಿಟ್ಟಾಯಿತು. ಹೀಗೆ ಹಿಡಿದುಕೊಂಡು ಎಷ್ಟು ವರ್ಷವಾಗಿತ್ತೋ.

ಸಂಜೆ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಿರಿಪಿಯ ಮನೆಗೆ ನಡೆದು ಹೋದ. ಬಂದ ಮೇಲೆ ಕೇಳಿದೆ, ಏನಂದೆ ಎಂದು, ಮುಖಕ್ಕೆ ಮುಖ ಕೊಟ್ಟು.

"ನನ್ನ ಕಿವಿ ಹೋಗಿದೆ ಅಂದೆ. ಇದು ನಿನ್ನ ಹತ್ರ ಇರಲಿ ಅಂದೆ."

"ಅವನು?"

"ಅಳ್ತಾ ಕೂತ, ದಡ್ಡ. ಆಮೇಲೆ ಗೆಣಸು ಕೊಟ್ಟ." ನಿಜಕ್ಕೂ ಒಂದು ಚೀಲ ಗೆಣಸು ತಂದಿದ್ದ.

ಏಪ್ರಿಲ್ 7, ಬುಧವಾರ

ಕಿವಿ ಡಾಕ್ಟರ ಕಡೆ ಫೋನ್ ಮಾಡಿದೆ. ಜೂನ್‌ಗೆ ಮೊದಲು ಜಾಗವಿಲ್ಲ. ಬ್ರೆಂಡಾಗೂ ಮಾಡಿದೆ, ಕ್ಯಾಮೆರಾ ನಮಗೇ ಇರಲಿ ಎಂದು. ಹೆನಾರೆಯೇ ಹಾಗೆ ಹೇಳು ಅಂದದ್ದು. "ಕೋವಿ ಇಲ್ದೇ ಹೋದ್ರೂ ರಾಪಾಟನಿಗೆ ಗುಟುರು ಬೇಕಲ್ಲ," ಅಂದ.

ಆದರೆ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ. ಊಟ ಮಾಡುತ್ತಾನೆ, ಕೂರುತ್ತಾನೆ. ಪಾಪ, ಅವನಿಗೆ ಗುಡ್ಡದ ಕಡೆ ಕಾಲು ಎಳೆಯುತ್ತದೆ. ಹಿಂದಿನ ಕಿಟಕಿಯ ಪರದೆ ತೆಗೆದುಹಾಕಿದೆ, ಅಲ್ಲಿಂದ ದಿಣ್ಣೆ ಪೂರ್ತಿ ಕಾಣುತ್ತದೆ. ಇವತ್ತು ಮೋಡ ಅರ್ಧಕ್ಕೆ ಇಳಿದು ನಿಂತಿತ್ತು. ಮಂಜು ಎದ್ದ ಮೇಲೆ ಬಿಸಿಲು ಬೀಳುವ ಬಯಲು ಯಾವುದು, ಹೆಣ್ಣುಜಿಂಕೆಗಳು ಅಲ್ಲಿಗೇ ಬರುತ್ತವೆಯೇ ಎಂದು ಹೆನಾರೆಯನ್ನು ಕೇಳಿದೆ. ಹೇಳಿದ, ಬೇಸರದಲ್ಲೇ. ಶಾಲೆಯಲ್ಲಿ ಮಕ್ಕಳ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ.

ಏಪ್ರಿಲ್ 10, ಶನಿವಾರ

ಹೋಗಿ ಬಂದೆವು, ಇಬ್ಬರೇ, ಕ್ಯಾಮೆರಾ ಒಂದೇ. ನಾನೇ ಎಬ್ಬಿಸಿದ್ದು. ಪಿರಿಪಿಗೆ ನಿನ್ನೆಯೇ ನೇರವಾಗಿ ಹೇಳಿಬಂದಿದ್ದೆ, ನಾಳೆ ದಿಣ್ಣೆಗೆ ನಾವು, ನೀನು ಹೊಳೆಯ ಕಡೆ ಹೋಗು ಎಂದು. ಕಿವಿ ಮುಚ್ಚಿಕೊಂಡ, ಆದರೆ ಹೊಳೆಯ ಕಡೆಗೇ ಹೋದ.

ಇಯರ್‌ಫೋನ್ ಹೆನಾರೆಗೆ ಕೊಟ್ಟೆ. ಕೊಂಬು ಊದಿದವನೂ ಅವನೇ. ಉತ್ತರ ಬಂದಾಗ ಒಂದು ಬೆರಳೆತ್ತಿದ, ಸುಮ್ಮನಿರು ಎಂದು. ಎರಡನೆಯದಕ್ಕೂ ಏನೂ ಹೇಳಲಿಲ್ಲ. ಮೂರನೆಯದು ಮುಗಿದು, ಅದರ ಬಾಲ ಪೂರ್ತಿ ಕೇಳಿಸಿಕೊಂಡ ಮೇಲೆ, ನನ್ನ ಕಡೆ ತಿರುಗಿದ. "ಇದು ಕೊಂಬಿನವನೇ," ಅಂದ. "ಮೂಗಲ್ಲಿ ಉಸಿರು ಬಿಡ್ತಿದ್ದಾನೆ."

ಜರೀಗಿಡ ಎರಡಾಗಿ ಅವನು ಬಂದ. ಕತ್ತಿನ ಕೂದಲು ಕೆಸರಲ್ಲಿ ಒದ್ದೆಯಾಗಿ ಕಪ್ಪಗಿತ್ತು. ಕೊಂಬಿನ ತುದಿಗೆ ಒಂದು ಕಿತ್ತ ಬಳ್ಳಿ ಸಿಕ್ಕಿಕೊಂಡಿತ್ತು. ಬಾಯಿಂದ ಹಬೆ. ನಿಂತ, ನಮ್ಮನ್ನು ನೋಡಿದ, ನಮ್ಮಲ್ಲಿ ಜಗಳಕ್ಕೆ ಯೋಗ್ಯರು ಯಾರೂ ಇಲ್ಲ ಎನ್ನುವ ಹಾಗೆ ಇನ್ನೊಂದು ಗುಟುರು ಹಾಕಿ ಮೆಲ್ಲಗೆ ಹೋದ. ಹೆನಾರೆ ಅಳುತ್ತಿದ್ದನೋ ನಗುತ್ತಿದ್ದನೋ, ನಾನು ನೋಡಲಿಲ್ಲ. ಆ ಪ್ರಾಣಿ ಹೋದ ದಾರಿಯನ್ನೇ ನೋಡುತ್ತಿದ್ದೆ.

ಇಳಿಯುವಾಗ ಗೊತ್ತಾಯಿತು. ಕ್ಯಾಮೆರಾದ ಗುಂಡಿ ಒತ್ತಿಯೇ ಇರಲಿಲ್ಲ. ಕೇಳಿಸಲೆಂದು ಚಾಲೂ ಮಾಡಿದವಳು ಹಿಡಿಯಲೆಂದು ಒತ್ತಲು ಮರೆತಿದ್ದೆ.

"ರಾಪಾಟನಿಗೆ ಏನ್ ತೋರಿಸೋಣ ಈಗ?" ಅಂದ ಹೆನಾರೆ.

"ನಾಳೆ ಮತ್ತೆ ಬರೋಣ. ಗಾಳಿ ಹೀಗೇ ಇದ್ರೆ ಅವನು ಅಲ್ಲೇ ಇರ್ತಾನೆ."

ಹೆನಾರೆ ಕುದುರೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾಳೆ ಭಾನುವಾರ ಕಣೇ."

ಹೌದಲ್ಲ. ಪ್ರಾರ್ಥನೆ ಹತ್ತು ಗಂಟೆಗೆ. ಬೆಳಕು ಆರೂವರೆಗೆಲ್ಲ ಹರಿಯುತ್ತದೆ.